ಮುಗಿದ ಮೂರೋ, ಬರೆಯಬೇಕಾದ ಮೂರೋ

ತ್ಯಾಮಗೊಂಡ್ಲು
22–6–1998

ಚಿ. ಸೌ. ಸಪ್ಪಲಮ್ಮನಿಗೆ ನಿನ್ನ ಗಣಿತದ ಮೇಷ್ಟ್ರು ಆದಿನಾರಾಯಣಪ್ಪ ಮಾಡುವ ಆಶೀರ್ವಾದ.

ಮೇ ತಿಂಗಳಲ್ಲಿ ನೀನು ರಾಯಚೂರಿನಿಂದ ಬಂದಾಗ ನಮ್ಮ ಹೈಸ್ಕೂಲಿನ ಕಂಪ್ಯೂಟರಿಗೆ ಪೈಥಾನ್ ಎಂಬ ಭಾಷೆಯನ್ನು ಹಾಕಿಕೊಟ್ಟು ಹೋದೆಯಲ್ಲ, ಆ ತಾಪತ್ರಯದ ಬಗ್ಗೆಯೇ ಈ ಕಾಗದ. ಹಳೆಯ ವಿದ್ಯಾರ್ಥಿಗಳು ಯಂತ್ರ ಕೊಟ್ಟು ಫೋಟೋ ತೆಗೆಸಿಕೊಂಡು ಹೋದರು. ಕಲಿಸುವವರು ಯಾರು ಎಂದು ಯಾರೂ ಕೇಳಲಿಲ್ಲ. ಹೆಡ್‌ಮಿಸ್ಟ್ರೆಸ್ಸು, "ಲೆಕ್ಕದ ಮೇಷ್ಟ್ರಿಗೆ ಬರದೆ ಇನ್ಯಾರಿಗೆ ಬರುತ್ತೆ ಸಾರ್" ಎಂದು ಬೀಗದ ಕೈ ನನಗೇ ಕೊಟ್ಟಿದ್ದಾರೆ. ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳಿದೆ. ಒಂಬತ್ತನೇ ತರಗತಿಯ ಒಂಬತ್ತು ಹುಡುಗಿಯರು ಶನಿವಾರ ಬೆಳಿಗ್ಗೆ ನನ್ನ ಸುತ್ತ ನಿಂತಿರುತ್ತಾರೆ.

ನೀನು ಯಂತ್ರಕ್ಕೆ ಆಜ್ಞೆಯಾಗಿ ಬರೆದಿಟ್ಟ ಮೂರು ಸಾಲಿನ ಫಂಕ್ಷನ್ನನ್ನು ನನ್ನ ಭಾಷೆಗೆ ಹೀಗೆ ಇಳಿಸಿಕೊಂಡಿದ್ದೇನೆ. ಮೊದಲ ಸಾಲು: ಇದರ ಹೆಸರು ಮೆಟ್ಟಿಲು, ಇದಕ್ಕೊಂದು ಸಂಖ್ಯೆ ಕೊಡಬೇಕು. ಎರಡನೆಯದು: ಒಂದರಿಂದ ಆ ಸಂಖ್ಯೆಯವರೆಗೆ ‘ಕ’ ಒಂದೊಂದಾಗಿ ಏರಲಿ. ಮೂರನೆಯದು: ಪ್ರತಿ ಸಲವೂ ಚುಕ್ಕಿಯನ್ನು ‘ಕ’ದಿಂದ ಗುಣಿಸಿ ಅಚ್ಚು ಮಾಡು.

ನನ್ನ ತಕರಾರು ಎರಡು. ಚುಕ್ಕಿಯನ್ನು ಮೂರರಿಂದ ಗುಣಿಸುವುದು ಯಾವ ಗಣಿತ? ಮೂವತ್ತನಾಲ್ಕು ವರ್ಷ ಪಾಠ ಮಾಡಿದ್ದೇನೆ, ಸಂಖ್ಯೆಯಲ್ಲದ್ದನ್ನು ಗುಣಿಸಿದವನಲ್ಲ. ಇನ್ನೊಂದು, ಐದು ಎಂದು ಕೊಟ್ಟರೆ ನಾಲ್ಕೇ ಮೆಟ್ಟಿಲು ಬರುತ್ತಿದೆ. ಉತ್ತರ ಬರೆ.

ನಮ್ಮ ಮನೆಯವಳು ನರಸಮ್ಮ ನಿನ್ನನ್ನು ಕೇಳಿದಳು. ನಿನ್ನ ಯಜಮಾನರಿಗೂ ಆಶೀರ್ವಾದ.

ಆದಿನಾರಾಯಣಪ್ಪ


ರಾಯಚೂರು
4–7–1998

ಪೂಜ್ಯ ಮೇಷ್ಟ್ರಿಗೆ ಸಪ್ಪಲಮ್ಮನ ನಮಸ್ಕಾರಗಳು.

ನಿಮ್ಮ ಕಾಗದವನ್ನು ಪಾಲಿಟೆಕ್ನಿಕ್‌ನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. "ನಿಮ್ ಮೇಷ್ಟ್ರು ಕೇಳಿದ ಪ್ರಶ್ನೆ ನಮ್ ಡಿಪ್ಲೊಮಾ ಹುಡುಗ್ರು ಒಬ್ರೂ ಕೇಳಿಲ್ಲ" ಎಂದರು ನಮ್ಮ ವಿಭಾಗದ ಮುಖ್ಯಸ್ಥರು.

ಚುಕ್ಕಿಯನ್ನು ಮೂರರಿಂದ ಗುಣಿಸು ಎಂದರೆ ಚುಕ್ಕಿಯನ್ನು ಮೂರು ಸಲ ಪಕ್ಕಪಕ್ಕ ಬರೆ ಎಂದರ್ಥ, ಅಷ್ಟೆ. ಈ ಭಾಷೆ ಮಾಡಿದವರು ಗುಣಾಕಾರದ ಗುರುತನ್ನು ಅದಕ್ಕೂ ಬಳಸಿಕೊಂಡಿದ್ದಾರೆ. ಸಂಖ್ಯೆ ಕಂಡರೆ ಲೆಕ್ಕ, ಅಕ್ಷರ ಕಂಡರೆ ನಕಲು.

ಇನ್ನು ಮೆಟ್ಟಿಲು. ಐದು ಕೊಟ್ಟರೆ ಐದೇ ಬರಬೇಕು ಸಾರ್. ಮೇಲಿನ ಒಂದು ಚುಕ್ಕಿ ಪರದೆಯಿಂದ ಜಾರಿ ಹೋಗಿರಬಹುದು. ಇನ್ನೊಮ್ಮೆ ಎಣಿಸಿ. ಅಥವಾ ನನ್ನನ್ನು ಪರೀಕ್ಷೆ ಮಾಡುತ್ತಿದ್ದೀರೋ? ಎಂಟನೇ ಕ್ಲಾಸಿನಲ್ಲಿ ಬೋರ್ಡಿನ ಮುಂದೆ ನಿಂತು, "ಏಳೆಂಟ್ಲಿ ಎಷ್ಟಮ್ಮಾ ಸಪ್ಪಲಮ್ಮಾ, ನಂಗೆ ಮರ್ತೇ ಹೋಯ್ತಲ್ಲ" ಎಂದು ತಲೆ ಕೆರೆದುಕೊಳ್ಳುತ್ತಿದ್ದಿರಿ. ನಾವು ನಂಬಿ ಪೈಪೋಟಿಯಲ್ಲಿ ಹೇಳಿಕೊಡುತ್ತಿದ್ದೆವು. ನಿಮಗೆ ಮರೆತಿರುವುದಿಲ್ಲ ಎಂದು ತಿಳಿಯುವ ಹೊತ್ತಿಗೆ ನಾನು ಪಿಯುಸಿಯಲ್ಲಿದ್ದೆ.

ನರಸಮ್ಮನವರು ಕೊಟ್ಟ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ ಮುಕ್ಕಾಲು ಖಾಲಿ ಎಂದು ಹೇಳಿ. ಈಗ ಅದೊಂದೇ ಗಂಟಲಲ್ಲಿ ಇಳಿಯುವುದು. ಮಿಕ್ಕಿದ್ದು ಮುಂದೆ ಬರೆಯುತ್ತೇನೆ.

ನಿಮ್ಮ ಸಪ್ಪಲಮ್ಮ


ತ್ಯಾಮಗೊಂಡ್ಲು
18–7–1998

ಚಿ. ಸೌ. ಸಪ್ಪಲಮ್ಮನಿಗೆ ಆಶೀರ್ವಾದ.

ನಾಲ್ಕೇ. ಒಂಬತ್ತು ಹುಡುಗಿಯರಿಂದಲೂ ಬೇರೆಬೇರೆಯಾಗಿ ಎಣಿಸಿದ್ದೇನೆ. ನವ್ಯಶ್ರೀ ಎಂಬ ಚುರುಕಾದ ಹುಡುಗಿ ಒಬ್ಬಳಿದ್ದಾಳೆ. "ಮೇಲ್ಗಡೆ ಏನೂ ಜಾರಿಲ್ಲ ಸಾರ್, ಒಂದ್ ಚುಕ್ಕಿ ಅಲ್ಲೇ ಐತೆ" ಎಂದು ಪರದೆ ಮುಟ್ಟಿ ತೋರಿಸಿದಳು. ಕೆಳಗೆ ನಕಲು ಮಾಡಿದ್ದೇನೆ, ನೋಡಿಕೋ.

*
**
***
****


ಆರು ಕೊಟ್ಟರೆ ಐದು, ಎರಡು ಕೊಟ್ಟರೆ ಒಂದು, ಒಂದು ಕೊಟ್ಟರೆ ಏನೂ ಇಲ್ಲ. ಯಂತ್ರ ತಪ್ಪೋ ನೀನು ತಪ್ಪೋ, ನನಗೆ ಬೇಗ ತಿಳಿಸು.

ಉಪ್ಪಿನಕಾಯಿ ವಿಷಯ ಓದಿ ಹೇಳಿದಾಗ ನರಸಮ್ಮ ಒಬ್ಬಳೇ ನಕ್ಕಳು. ಯಾಕೆ ಎಂದರೆ ಹೇಳುವುದಿಲ್ಲ. ನಿನಗೆ ಹಸಿವು ಚೆನ್ನಾಗಿದೆ ಎಂದು ತಿಳಿದು ನನಗೆ ಸಂತೋಷ.

ಆದಿನಾರಾಯಣಪ್ಪ


ರಾಯಚೂರು
2–8–1998

ಪೂಜ್ಯ ಮೇಷ್ಟ್ರೇ,

ತಪ್ಪು ನನ್ನದು. ನಿಮ್ಮ ಕಾಗದ ಕೈಯಲ್ಲಿ ಹಿಡಿದೇ ಲ್ಯಾಬಿಗೆ ಹೋಗಿ ನೋಡಿದೆ. ನಾಲ್ಕೇ ಬಂತು.

ಈ ಭಾಷೆಯಲ್ಲಿ ‘ಒಂದರಿಂದ ಐದರವರೆಗೆ’ ಎಂದರೆ ಐದು ಸೇರುವುದಿಲ್ಲ. ಕೊನೆಯ ಸಂಖ್ಯೆ ಬೇಲಿಯಿದ್ದ ಹಾಗೆ. ಅಲ್ಲಿಗೆ ಬಂದು ನಿಲ್ಲಬೇಕು, ದಾಟಬಾರದು. ಐದು ಮೆಟ್ಟಿಲು ಬೇಕಾದರೆ ಬೇಲಿಯನ್ನು ಆರಕ್ಕೆ ಹಾಕಬೇಕು. ಸಂಖ್ಯೆಗೆ ಒಂದು ಕೂಡಿಸಿಬಿಡಿ, ಸರಿಹೋಗುತ್ತದೆ. ಬೇರೆ ಭಾಷೆಯ ಅಭ್ಯಾಸಬಲದಲ್ಲಿ ನಾನು ಪರೀಕ್ಷೆ ಮಾಡದೆ ಬರೆದುಕೊಟ್ಟು ಬಂದಿದ್ದೆ. ನಿಮ್ಮನ್ನೇ ಎಣಿಸಿ ಎಂದು ಬರೆದೆನಲ್ಲ, ನಾಚಿಕೆಯಾಯಿತು. ಇನ್ನು ಮೇಲೆ ನೀವು ಏನು ಹೇಳಿದರೂ ಮೊದಲು ನಿಮ್ಮದೇ ಸರಿ ಎಂದುಕೊಂಡು ಓದುತ್ತೇನೆ.

ಮುಂದಿನದು ಗೋಪುರ. ಮೆಟ್ಟಿಲಿಗೂ ಇದಕ್ಕೂ ವ್ಯತ್ಯಾಸ ಇಷ್ಟೆ: ಪ್ರತಿ ಸಾಲಿನಲ್ಲೂ ಮೊದಲು ಒಂದಷ್ಟು ಖಾಲಿ ಜಾಗ, ಆಮೇಲೆ ಚುಕ್ಕಿ. ನಾಲ್ಕು ಸಾಲಿನ ಗೋಪುರಕ್ಕೆ ಖಾಲಿ ಜಾಗ ಮೂರು, ಎರಡು, ಒಂದು, ಸೊನ್ನೆ ಎಂದು ಇಳಿಯುತ್ತದೆ. ಚುಕ್ಕಿ ಒಂದು, ಮೂರು, ಐದು, ಏಳು ಎಂದು ಏರುತ್ತದೆ. ಸಾಲುಗಳನ್ನು ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ.

ಹುಡುಗಿಯರಿಗೆ ಅರ್ಥವಾಗದಿದ್ದರೆ ಒಂದು ಸ್ಲೇಟು ತೆಗೆದುಕೊಳ್ಳಿ. ಅದರ ಮೇಲೆ ‘ಕ’ ಎಂದು ಬರೆದು ಒಂದು ಚೌಕ ಹಾಕಿ. ಮೊದಲ ಸುತ್ತಿಗೆ ಚೌಕದಲ್ಲಿ 1 ಬರೆಯಿರಿ, ಸಾಲು ಹಾಕಿ. ಅಳಿಸಿ 2 ಬರೆಯಿರಿ, ಸಾಲು ಹಾಕಿ. ಯಂತ್ರದ ಹೊಟ್ಟೆಯಲ್ಲಿ ನಡೆಯುವುದೂ ಇಷ್ಟೇ.

ಸಪ್ಪಲಮ್ಮ


ತ್ಯಾಮಗೊಂಡ್ಲು
10–9–1998

ಚಿ. ಸೌ. ಸಪ್ಪಲಮ್ಮನಿಗೆ ಆಶೀರ್ವಾದ.

ಉತ್ತರ ತಡವಾಯಿತು. ಹೋದ ವಾರ ನೆಲಮಂಗಲದ ಆಫೀಸಿಗೆ ಹೋಗಬೇಕಾಗಿದ್ದವನು ದೊಡ್ಡಬಳ್ಳಾಪುರದಲ್ಲಿ ಇಳಿದಿದ್ದೆ. ಬಸ್ಸಿನ ಬೋರ್ಡುಗಳನ್ನು ಈಗ ಯಾರೂ ಸರಿಯಾಗಿ ಬರೆಯುವುದಿಲ್ಲ. ಮಗ್ಗದ ಸದ್ದು ಕೇಳಿದ ಮೇಲೇ ಇದು ಯಾವ ಊರೆಂದು ಗೊತ್ತಾದದ್ದು.

ಸ್ಲೇಟಿನ ಉಪಾಯ ಮಾಡಿದೆ. ಹುಡುಗಿಯರಿಗೆ ಖುಷಿ. ನನಗೆ ಒಂದು ತೊಡಕು. ಚೌಕದಲ್ಲಿ 3 ಎಂದಿದೆ. ಒಂದು ಕ್ಷಣ ಬೋರ್ಡಿನ ಕಡೆ ತಿರುಗಿ ಮತ್ತೆ ಸ್ಲೇಟು ನೋಡುತ್ತೇನೆ. ಇದು ಮುಗಿದ ಮೂರೋ, ಬರೆಯಬೇಕಾದ ಮೂರೋ? ಸ್ಲೇಟಿನಲ್ಲಿ ಎರಡೂ ಒಂದೇ ಥರ ಕಾಣುತ್ತವಲ್ಲ. ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ?

ಇನ್ನೊಂದು ವಿಷಯ. ಚುಕ್ಕಿಯನ್ನು ಮೂರರಿಂದ ಗುಣಿಸುವುದು ಯಾವ ಗಣಿತ? ಸಂಖ್ಯೆಯಲ್ಲದ್ದನ್ನು ಗುಣಿಸಿದವನಲ್ಲ ನಾನು. ಇದಕ್ಕೆ ಉತ್ತರ ಬರೆ.

ಆದಿನಾರಾಯಣಪ್ಪ


ರಾಯಚೂರು
12–10–1998

ಪೂಜ್ಯ ಮೇಷ್ಟ್ರೇ,

ಕ್ಷಮಿಸಿ. ಮೈ ಸರಿಯಿರಲಿಲ್ಲ. ಎರಡು ವಾರ ರಜೆ ಹಾಕಿದ್ದೆ. ಈಗ ಕೆಲಸಕ್ಕೆ ಹೋಗುತ್ತಿದ್ದೇನೆ.

ಚುಕ್ಕಿಯ ಪ್ರಶ್ನೆಯಲ್ಲಿ ಸಿಕ್ಕಿಬಿದ್ದಿರಿ. ಜೂನ್‌ನಲ್ಲಿ ಇದನ್ನೇ ಇದೇ ಮಾತಿನಲ್ಲಿ ಕೇಳಿದ್ದಿರಿ. ನಾನು ಹೇಳಿದ್ದು ನನಗೇ ನೆನಪಿದೆಯೋ ಇಲ್ಲವೋ ಎಂದು ನೋಡುತ್ತಿದ್ದೀರಿ. ಹಳೆಯ ಚಾಳಿ ಬಿಟ್ಟಿಲ್ಲ. ಉತ್ತರ ಅದೇ: ಮೂರು ಸಲ ಪಕ್ಕಪಕ್ಕ ಬರೆ.

ಮೂರರ ಪ್ರಶ್ನೆ ಮಾತ್ರ ನಿಜವಾಗಿ ಒಳ್ಳೆಯದು. ಯಂತ್ರ ತಾನು ಯಾವ ಸಾಲಿನಲ್ಲಿ ನಿಂತಿದೆ ಎಂಬುದನ್ನು ಬೇರೆಯಾಗಿ ನೆನಪಿಟ್ಟುಕೊಂಡಿರುತ್ತದೆ. ‘ಕ’ ಎಷ್ಟು ಎಂಬುದೊಂದು ನೆನಪು, ತಾನು ಎಲ್ಲಿದ್ದೇನೆ ಎಂಬುದು ಇನ್ನೊಂದು. ನಮ್ಮ ಹುಡುಗರಿಗೂ ಇದನ್ನೇ ಹೇಳಿದೆ, ನಿಮ್ಮ ಹೆಸರು ಹೇಳಿಯೇ.

ಹೆಚ್ಚು ಬರೆಯಲು ಆಗುತ್ತಿಲ್ಲ.

ಸಪ್ಪಲಮ್ಮ


ತ್ಯಾಮಗೊಂಡ್ಲು
20–10–1998

ಚಿ. ಸೌ. ಸಪ್ಪಲಮ್ಮನಿಗೆ ಆಶೀರ್ವಾದ.

ನಿನ್ನ ಕಾಗದ ಇವತ್ತು ಬಂತು. ಜ್ವರ ಎಂದು ತಿಳಿದು ಬೇಸರವಾಯಿತು. ಮೆಣಸು, ಜೀರಿಗೆ, ಶುಂಠಿ ಜಜ್ಜಿ ಕಷಾಯ ಮಾಡಿ ಮೂರು ದಿನ ಕುಡಿ. ರಾಯಚೂರಿನ ನೀರು ಕಾಯಿಸಿಯೇ ಕುಡಿಯಬೇಕು.

ಗೋಪುರ ಚೆನ್ನಾಗಿ ಬಂತು. ನನಗೆ ಪೂರ್ತಿ ಅರ್ಥವಾಯಿತು. ಜನವರಿ ಇಪ್ಪತ್ತಾರಕ್ಕೆ ಕಂಪ್ಯೂಟರು ಕೊಟ್ಟವರು ಬರುತ್ತಾರಂತೆ, ಅವರೆದುರಿಗೆ ಮಾಡಿ ತೋರಿಸಬೇಕು.

ಆದಿನಾರಾಯಣಪ್ಪ


ತ್ಯಾಮಗೊಂಡ್ಲು
23–10–1998

ಚಿ. ಸೌ. ಸಪ್ಪಲಮ್ಮನಿಗೆ ಆಶೀರ್ವಾದ.

ನಿನ್ನ ಕಾಗದ ಇವತ್ತು ಬಂತು. ಜ್ವರ ಎಂದು ತಿಳಿದು ಬೇಸರವಾಯಿತು. ಮೆಣಸು, ಜೀರಿಗೆ, ಶುಂಠಿ ಜಜ್ಜಿ ಕಷಾಯ ಮಾಡಿ ಕುಡಿ. ನೀರು ಕಾಯಿಸಿಕೋ.

ಗೋಪುರ ಇನ್ನೂ ಶುರು ಮಾಡಿಲ್ಲ.

ಆದಿನಾರಾಯಣಪ್ಪ


ರಾಯಚೂರು
8–11–1998

ಪೂಜ್ಯ ಮೇಷ್ಟ್ರೇ,

ನಿಮ್ಮ ಎರಡು ಕಾಗದಗಳೂ ಒಂದೇ ದಿನ ಬಂದವು. ಎರಡರಲ್ಲೂ ಕಷಾಯ. ಒಂದರಲ್ಲಿ ಗೋಪುರ ಎದ್ದಿದೆ, ಇನ್ನೊಂದರಲ್ಲಿ ಪಾಯವನ್ನೇ ತೋಡಿಲ್ಲ. ಓದಿ ನಕ್ಕೆ. ಎಷ್ಟೋ ದಿನದ ಮೇಲೆ ನಕ್ಕದ್ದು. ನನ್ನ ಯಜಮಾನರು ಅಡುಗೆಮನೆಯಿಂದ ಎದ್ದು ಬಂದು ನೋಡಿದರು.

ಈಗ ನನ್ನ ಸರದಿ. ನಿಮಗೊಂದು ಪರೀಕ್ಷೆ. ಯಂತ್ರ ಮುಟ್ಟದೆ, ಹುಡುಗಿಯರನ್ನು ಕೇಳದೆ, ಗೋಪುರದ ಫಂಕ್ಷನ್ನಿಗೆ ನಾಲ್ಕು ಕೊಟ್ಟರೆ ಏನು ಬರುತ್ತದೆ ಎಂದು ಕಾಗದದ ಮೇಲೆ ಬರೆದು ಕಳಿಸಿ. ನೂರಕ್ಕೆ ನೂರು ಬರದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತೇನೆ.

ನಿಮ್ಮ ತುಂಟ ಶಿಷ್ಯೆ ಸಪ್ಪಲಮ್ಮ


ತ್ಯಾಮಗೊಂಡ್ಲು
2–12–1998

ಸಪ್ಪಲಮ್ಮಾ,

ಭಾನುವಾರ ಬೆಳಿಗ್ಗೆ ಜಗುಲಿಯಲ್ಲಿ ಕೂತು ನಿನ್ನ ಪರೀಕ್ಷೆ ಬರೆದೆ. ತಿಂಡಿ ಹೊತ್ತಿಗೆ ಶುರು ಮಾಡಿದವನು ನರಸಮ್ಮ ಊಟಕ್ಕೆ ಕರೆದಾಗಲೂ ಅಲ್ಲೇ ಇದ್ದೆ. ಬಂದದ್ದು ಇದು.

   *
  ***
  ***
  ***

ಇದು ತಪ್ಪು ಎಂದು ನವ್ಯಶ್ರೀ ಹೇಳಿದಳು. ಎಲ್ಲಿ ತಪ್ಪಿದೆ ಎಂದು ನನಗೆ ಕಾಣುತ್ತಿಲ್ಲ. ಅದೇ ನಿನಗೆ ಹೇಳಬೇಕಾದ ವಿಷಯ. ನಾನು ಆಟವಾಡುತ್ತಿಲ್ಲ, ಮಗು. ಸೆಪ್ಟೆಂಬರಿನಲ್ಲೂ ಆಡುತ್ತಿರಲಿಲ್ಲ. ಕೇಳಿದ್ದು ನೆನಪಿರಲಿಲ್ಲ, ಅದಕ್ಕೆ ಮತ್ತೆ ಕೇಳಿದೆ. ನೀನು ನನ್ನನ್ನು ಜಾಣ ಎಂದುಕೊಂಡೆ. ಅದು ಓದಲು ಹಿತವಾಗಿತ್ತು, ಸುಮ್ಮನಾದೆ.

ಹೋದ ತಿಂಗಳು ನರಸಮ್ಮನ ತಮ್ಮ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ನಿನಗಿಂತ ಚಿಕ್ಕ ವಯಸ್ಸಿನ ಡಾಕ್ಟರು. "ಯಜಮಾನ್ರೇ, ನೂರರಿಂದ ಏಳೇಳು ಕಳೀತಾ ಬನ್ನಿ" ಎಂದರು. ತೊಂಬತ್ತಮೂರು ಎಂದೆ. ಆಮೇಲೆ ಅವರ ಮುಖ ನೋಡುತ್ತಾ ಕೂತೆ. ಏಳು ಕಳೆದಾಯಿತೋ, ಇನ್ನೂ ಕಳೆಯಬೇಕೋ ತಿಳಿಯಲಿಲ್ಲ. "ಏನ್ ಕೆಲ್ಸ ಮಾಡ್ತಿದ್ರಿ?" ಎಂದು ಕೇಳಿದರು. ನರಸಮ್ಮ, "ಲೆಕ್ಕದ ಮೇಷ್ಟ್ರು ಸೋಮಿ" ಎಂದು ಹೇಳಿ ಸೆರಗು ಬಾಯಿಗೆ ಇಟ್ಟುಕೊಂಡಳು. ಡಾಕ್ಟರು ಪೆನ್ನು ಕೆಳಗಿಟ್ಟರು. ಇದು ಮುಂದಕ್ಕೇ ಹೋಗುವ ಕಾಯಿಲೆ, ಹಿಂದಕ್ಕೆ ಬರುವುದಲ್ಲ ಎಂದು ನಿಧಾನವಾಗಿ ಹೇಳಿದರು.

ಸ್ಕೂಲಿನಲ್ಲಿ ಹೇಳಿಲ್ಲ. ಹೇಗೆ ಹೇಳುವುದೋ ಗೊತ್ತಿಲ್ಲ. ಈ ಕಾಗದವನ್ನು ಮೂರು ದಿನದಿಂದ ಬರೆಯುತ್ತಿದ್ದೇನೆ. ಎಲ್ಲಿಯವರೆಗೆ ಬರೆದೆ ಎಂದು ಪ್ರತಿ ಸಲ ಮೊದಲಿನಿಂದ ಓದಬೇಕು.

ಆದಿನಾರಾಯಣಪ್ಪ


ರಾಯಚೂರು
10–12–1998

ಮೇಷ್ಟ್ರೇ,

ಇಪ್ಪತ್ತಾರನೇ ತಾರೀಕು ಶನಿವಾರ ಬೆಳಿಗ್ಗೆ ನಿಮ್ಮ ಮನೆಯಲ್ಲಿರುತ್ತೇನೆ. ಹೆಡ್‌ಮಿಸ್ಟ್ರೆಸ್ಸಿಗೆ ಹೇಳುವಾಗ ಪಕ್ಕದಲ್ಲಿ ನಾನಿರುತ್ತೇನೆ.

ಇಷ್ಟು ದಿನ ತಮಾಷೆ ಮಾಡಿಕೊಂಡು ಬರೆದೆನಲ್ಲ. ಬೆಂಚಿನ ಮೇಲೆ ನಿಲ್ಲಿಸುತ್ತೇನೆ ಎಂದು ಬರೆದ ಕೈಯನ್ನು ಏನು ಮಾಡಿಕೊಳ್ಳಲಿ.

ನಾನೂ ಒಂದು ಮಾತು ಮುಚ್ಚಿಟ್ಟಿದ್ದೆ. ಸೆಪ್ಟೆಂಬರಿನಲ್ಲಿ ನನಗೆ ಬಂದದ್ದು ಜ್ವರವಲ್ಲ. ಎದುರಿಗೆ ಹೇಳುತ್ತೇನೆ.

ಸಪ್ಪಲಮ್ಮ


ತ್ಯಾಮಗೊಂಡ್ಲು
4–1–1999

ಚಿ. ಸೌ. ಸಪ್ಪಲಮ್ಮನಿಗೆ ಆಶೀರ್ವಾದ.

ಈಗ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಡಿಸೆಂಬರ್ 26ರ ಪುಟದಲ್ಲಿ ‘ಸಪ್ಪಲಮ್ಮ ಬಂದಿದ್ದಳು. ಸ್ಕೂಲಿಗೆ ಹೋದೆವು. ಎಲ್ಲ ಹೇಳಿದೆ’ ಎಂದಿದೆ. ಅಕ್ಷರ ನನ್ನದು. ಆದ್ದರಿಂದ ನಂಬುತ್ತೇನೆ. ಅದಕ್ಕಿಂತ ಹೆಚ್ಚಿಗೆ ಏನೂ ಸಿಕ್ಕುತ್ತಿಲ್ಲ. ನರಸಮ್ಮನನ್ನು ಕೇಳಿದರೆ, "ಬಂದಿದ್ಲು, ಚೆನ್ನಾಗಿತ್ತು" ಎಂದು ಒಳಗೆ ಹೋಗುತ್ತಾಳೆ.

ಆ ದಿನ ಏನೇನಾಯಿತು ಬರೆದು ಕಳಿಸು. ಒಂದನ್ನೂ ಬಿಡಬೇಡ. ಮುದುಕನಿಗೆ ನೋವಾಗುತ್ತದೆ ಎಂದು ಅರ್ಧ ಬರೆಯಬೇಡ. ಅದು ನನ್ನ ದಿನ.

ಆದಿನಾರಾಯಣಪ್ಪ


ರಾಯಚೂರು
13–1–1999

ಪೂಜ್ಯ ಮೇಷ್ಟ್ರಿಗೆ ಸಪ್ಪಲಮ್ಮನ ನಮಸ್ಕಾರಗಳು.

ಒಂದನ್ನೂ ಬಿಡದೆ ಬರೆಯುತ್ತೇನೆ.

ನಾನು ಬಂದಾಗ ನೀವು ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಜಗುಲಿಯಲ್ಲಿ ಕೂತಿದ್ದಿರಿ. ನೋಡಿದ ಕೂಡಲೇ ಗುರುತು ಹಿಡಿದಿರಿ. "ಇಳ್ದೋಗ್ಬಿಟ್ಟಿದೀಯಲ್ಲಮ್ಮಾ" ಎಂದಿರಿ. ನರಸಮ್ಮನವರು ಅವರೆಕಾಳಿನ ಉಪ್ಪಿಟ್ಟು ಮಾಡಿದ್ದರು. ನೀವು ಎರಡು ಸಲ ಹಾಕಿಸಿಕೊಂಡಿರಿ.

ಸ್ಕೂಲಿಗೆ ನಡೆದೇ ಹೋದೆವು. ಮೊದಲು ತರಗತಿ, ಆಮೇಲೆ ಹೆಡ್‌ಮಿಸ್ಟ್ರೆಸ್ಸು ಎಂದು ನೀವೇ ಹೇಳಿದಿರಿ. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ನೀವು ಬೋರ್ಡಿನ ಮೇಲೆ ಗೋಪುರ ಬರೆಯತೊಡಗಿದಿರಿ. ಎರಡು ಸಾಲು ಸರಿಯಾಗಿ ಬಂತು. ಮೂರನೆಯದಕ್ಕೆ ಸೀಮೆಸುಣ್ಣ ಎತ್ತಿ ನಿಂತಿರಿ. ನಾನು ಎದ್ದೇಳಬೇಕೆಂದಿದ್ದೆ. ಅಷ್ಟರಲ್ಲಿ ನವ್ಯಶ್ರೀ ತಲೆ ತಗ್ಗಿಸಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಲೇ, "ಮೂರನೇದು ಸಾರ್, ಇನ್ನೂ ಹಾಕಿಲ್ಲ" ಎಂದಳು. ನೀವು ಒಂದು ಖಾಲಿ ಜಾಗ ಬಿಟ್ಟು ಐದು ಚುಕ್ಕಿ ಹಾಕಿದಿರಿ. ಇನ್ನೊಂದು ಹುಡುಗಿ, "ಮೂರನೇದು ಆಯ್ತು ಸಾರ್" ಎಂದಳು. ಯಾರೂ ನಗಲಿಲ್ಲ, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅದು ಅವರಿಗೆ ಅಭ್ಯಾಸವಾಗಿಹೋಗಿತ್ತು. ಆಮೇಲೆ ವಿಚಾರಿಸಿದೆ. ಆಗಸ್ಟಿನಿಂದಲೂ ಹಾಗೆಯೇ ಅಂತೆ, ಸರದಿ ಹಾಕಿಕೊಂಡು. "ಯಾರ್ಗೂ ಹೇಳಿಲ್ಲ ಮೇಡಂ, ಹೇಳಿದ್ರೆ ಸಾರ್‌ನ ಕಳಿಸ್ಬಿಡ್ತಾರೆ" ಎಂದಳು ನವ್ಯಶ್ರೀ.

ಹೆಡ್‌ಮಿಸ್ಟ್ರೆಸ್ಸಿನ ಮುಂದೆ ನಾನು ಬಾಯಿ ಬಿಡಬೇಕಾಗಲಿಲ್ಲ. ನೀವು ನಿಂತುಕೊಂಡೇ, "ನನ್ಗೆ ಲೆಕ್ಕ ನಿಲ್ತಿಲ್ಲಮ್ಮಾ. ಮಕ್ಳಿಗೆ ಮೋಸ ಆಗ್ಬಾರ್ದು" ಎಂದಿರಿ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ಜನವರಿಯಿಂದ ನಿಮ್ಮ ರಜೆ, ಪ್ರದರ್ಶನವನ್ನು ಹುಡುಗಿಯರೇ ಮಾಡುವುದು ಎಂದು ಮಾತಾಯಿತು. ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಬಂದಿರಿ.

ಊಟವಾದ ಮೇಲೆ ಹಿತ್ತಿಲ ತೆಂಗಿನಮರದ ಕೆಳಗೆ ನನ್ನ ವಿಷಯ ಹೇಳಿದೆ. ಐದು ತಿಂಗಳಾಗಿತ್ತು, ಮಗು ನಿಲ್ಲಲಿಲ್ಲ. ಹತ್ತು ವರ್ಷ ಕಾದದ್ದು. ಯಾರು ಬಂದರೂ, ಇನ್ನೊಂದಾಗುತ್ತೆ ಬಿಡು ಎನ್ನುತ್ತಿದ್ದರು. ನೀವು, "ಮನಸ್ಸಲ್ಲಿ ಹೆಸ್ರು ಏನಾದ್ರೂ ಇಟ್ಕೊಂಡಿದ್ದೇನಮ್ಮಾ?" ಎಂದಿರಿ. ಅದನ್ನು ಯಾರೂ ಕೇಳಿರಲಿಲ್ಲ, ನನ್ನ ಯಜಮಾನರೂ ಕೇಳಿರಲಿಲ್ಲ. ಹೇಳಿದೆ. ನೀವು ಆ ಹೆಸರನ್ನು ಒಂದು ಸಲ ಬಾಯಿಬಿಟ್ಟು ಹೇಳಿದಿರಿ. ಇಲ್ಲಿ ಬರೆಯಲು ನನ್ನಿಂದಾಗುತ್ತಿಲ್ಲ. ಇದೊಂದನ್ನು ಬಿಟ್ಟಿದ್ದಕ್ಕೆ ಕ್ಷಮಿಸಿ. ಮುಂದಿನ ಸಲ ನೀವು ಕೇಳಿದರೆ ಮತ್ತೆ ಹೇಳುತ್ತೇನೆ.

ಇನ್ನು ಉಳಿದದ್ದು ಬಸ್ಸು. ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಬಿಡಬೇಡ ಎಂದಿದ್ದೀರಿ.

ನಾಲ್ಕು ಗಂಟೆಯ ನೆಲಮಂಗಲದ ಬಸ್ಸಿಗೆ ನನ್ನನ್ನು ಹತ್ತಿಸಲು ಬಂದಿರಿ. ಕಿಟಕಿ ಪಕ್ಕ ಕೂರಿಸಿ, ಕಂಡಕ್ಟರನ್ನು ಕರೆದು, "ಒಂದು ಹಾಫ್ ಟಿಕೆಟ್ ಕೊಡಪ್ಪಾ. ನಮ್ಮ ಸ್ಕೂಲ್ ಹುಡ್ಗಿ. ನೆಲಮಂಗ್ಲದಲ್ಲಿ ಅವ್ರಪ್ಪ ಬಂದಿರ್ತಾರೆ, ಅವರ ಕೈಗೇ ಒಪ್ಪಿಸ್ಬೇಕು" ಎಂದಿರಿ.

ನನಗೆ ಮೂವತ್ತಮೂರು ವರ್ಷ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ನಮ್ಮಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು, ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ನೀವೂ ಒಬ್ಬರು. ಕಂಡಕ್ಟರು ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಹಾಫ್ ಟಿಕೆಟ್ ಹರಿದು ನಿಮ್ಮ ಕೈಗೆ ಕೊಟ್ಟರು. ನೀವು ಅದನ್ನು ನನ್ನ ಕೈಯಲ್ಲಿಟ್ಟು ಬೆರಳು ಮಡಿಸಿ, "ಬೀಳಿಸ್ಕೋಬೇಡ" ಎಂದಿರಿ. ಬಸ್ಸು ತಿರುಗುವವರೆಗೂ ಅಲ್ಲೇ ನಿಂತಿದ್ದಿರಿ.

ಊರು ದಾಟಿದ ಮೇಲೆ ಪೂರ್ತಿ ಟಿಕೆಟ್ ಕೇಳಿ ತೆಗೆದುಕೊಂಡೆ. ನೆಲಮಂಗಲದಲ್ಲಿ ಕಂಡಕ್ಟರು ನನಗಿಂತ ಮೊದಲು ಕೆಳಗಿಳಿದರು. ಸ್ಟ್ಯಾಂಡಿನಲ್ಲಿ ನಿಂತ ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಯಾರಾದ್ರೂ ಬರ್ತಾರೇನಮ್ಮಾ?" ಎಂದರು.

"ಇಲ್ಲ" ಎಂದೆ.

ನಾನು ಬೆಂಗಳೂರಿನ ಬಸ್ಸು ಹತ್ತುವವರೆಗೆ ಚೀಲ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು.

ನಿಮ್ಮ
ಸಪ್ಪಲಮ್ಮ